ಮ್ಯಾಲ ಒಣಗೈತಿ, ಒಳಗ ಹಸಿ ಐತಿ: ‘ಸ್ಟಿಕಿ ವಿಕೆಟ್’ ಎಂಬ ಮಾತಿನ ಬೇರು

ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಎಂದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಇವತ್ತಿನ ವಿಷಯಕ್ಕೆ ಮಳೆ ಬೇಕೇ ಬೇಕು. ಮಳೆಗಿಂತ ಜಾಸ್ತಿ ಬೇಕಾದದ್ದು ಮಳೆ ನಿಂತ ಮೇಲೆ ಬರುವ ಬಿಸಿಲು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಸುಮಾರು ವರ್ಷ ಒಂದು ಪತ್ರಿಕೆಯಲ್ಲಿ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದವನು. ಒಂದು ರಾತ್ರಿ ಶಾಸನಸಭೆಯ ಸುದ್ದಿಯೊಂದು ಬಂತು. ಸರ್ಕಾರ ‘ಸ್ಟಿಕಿ ವಿಕೆಟ್’ ಮೇಲಿದೆ ಎಂದು ಅದರಲ್ಲಿತ್ತು. ಹೊಸದಾಗಿ ಸೇರಿದ ಹುಡುಗ ಅದನ್ನು ‘ಸರ್ಕಾರ ಅಂಟು ವಿಕೆಟ್ ಮೇಲೆ’ ಎಂದು ಬರೆದಿದ್ದ. ನಾನು ಅದನ್ನು ಹೊಡೆದುಹಾಕಿ ‘ಸರ್ಕಾರ ಇಕ್ಕಟ್ಟಿನಲ್ಲಿ’ ಎಂದು ತಿದ್ದಿದೆ. ಪುಟ ಅಚ್ಚಿಗೆ ಹೋಯಿತು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಅದು ತಲೆಯಿಂದ ಇಳಿಯಲಿಲ್ಲ. ಇಕ್ಕಟ್ಟು ಅಂದರೆ ಜಾಗ ಸಾಲದೆ ಸಿಕ್ಕಿಕೊಳ್ಳುವುದು. ಸ್ಟಿಕಿ ವಿಕೆಟ್ ಅಂದರೆ ಅದೇನಾ? ಹುಡುಗ ಬರೆದದ್ದು ತಪ್ಪು, ನಿಜ. ಆದರೆ ನಾನು ಬರೆದದ್ದು ಸರಿಯಾ?

ಅವತ್ತಿನಿಂದ ಈ ಮಾತಿನ ಬೆನ್ನು ಹತ್ತಿದೆ.

ಮೊದಲು ವಿಕೆಟ್ ಅನ್ನುವ ಪದ ನೋಡೋಣ. ಕ್ರಿಕೆಟ್ ನೋಡುವ ಮಕ್ಕಳಿಗೂ ಇದು ಗೊತ್ತು. ಆದರೆ ಈ ಒಂದೇ ಪದಕ್ಕೆ ಆಟದಲ್ಲಿ ಮೂರು ಅರ್ಥ ಇದೆ. ನೆಟ್ಟ ಮೂರು ಗೂಟ, ಅವುಗಳ ಮೇಲಿನ ಎರಡು ಬೇಲ್ಸ್, ಇದು ವಿಕೆಟ್. ಆಟಗಾರ ಔಟಾದರೆ ‘ವಿಕೆಟ್ ಬಿತ್ತು’ ಅನ್ನುತ್ತೇವೆ, ಅದೂ ವಿಕೆಟ್. ಇನ್ನು ಗೂಟದಿಂದ ಗೂಟಕ್ಕೆ ಇರುವ 22 ಗಜದ ಪಟ್ಟಿ, ನಾವು ಪಿಚ್ ಅನ್ನುತ್ತೇವಲ್ಲ, ಅದಕ್ಕೂ ಇಂಗ್ಲಿಷಿನವರು ವಿಕೆಟ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿರುವುದು ಈ ಮೂರನೆಯದು. ಆ ಹುಡುಗ ಗೂಟಕ್ಕೆ ಅಂಟು ಬಳಿದ ಚಿತ್ರ ಕಂಡಿದ್ದ. ಅಂಟಿರುವುದು ಗೂಟಕ್ಕಲ್ಲ, ನೆಲಕ್ಕೆ.

ಈ ಪದದ ಇನ್ನೂ ಹಳೆಯ ಅರ್ಥ ನನಗೆ ತುಂಬ ಇಷ್ಟ. ವಿಕೆಟ್ ಅಂದರೆ ಮೊದಲು ಸಣ್ಣ ಬಾಗಿಲು. ದೊಡ್ಡ ಬಾಗಿಲಿನ ಪಕ್ಕದಲ್ಲೋ ಒಳಗೋ ಒಬ್ಬರು ಬಗ್ಗಿ ದಾಟುವಷ್ಟು ಬಾಗಿಲು. ನಮ್ಮ ಕೋಟೆಗಳಲ್ಲಿ ದಿಡ್ಡಿ ಬಾಗಿಲು ಇದೆಯಲ್ಲ, ಅದೇ. ಹಿಂದೆ ಕ್ರಿಕೆಟ್‌ನಲ್ಲಿ ಇದ್ದದ್ದು ಎರಡೇ ಗೂಟ, ಮೇಲೆ ಅಡ್ಡ ಒಂದು ಕಡ್ಡಿ. ನೋಡಲು ಥೇಟ್ ಸಣ್ಣ ಬಾಗಿಲಿನ ಹಾಗೆ. 1775ರ ಒಂದು ಪಂದ್ಯದಲ್ಲಿ ಲಂಪಿ ಸ್ಟೀವನ್ಸ್ ಅನ್ನುವ ಬೌಲರ್ ಎಸೆದ ಚೆಂಡು ಜಾನ್ ಸ್ಮಾಲ್ ಅನ್ನುವ ಬ್ಯಾಟ್ಸ್‌ಮನ್‌ನ ಎರಡು ಗೂಟಗಳ ನಡುವೆ ಮೂರು ಸಲ ತೂರಿಹೋಯಿತು. ಕಡ್ಡಿ ಬೀಳಲಿಲ್ಲ, ಹಾಗಾಗಿ ಔಟ್ ಅಲ್ಲ. ಇದು ಅನ್ಯಾಯ ಅಂತ ಎಲ್ಲರಿಗೂ ಅನಿಸಿತು. ನಡುವೆ ಮೂರನೆಯ ಗೂಟ ಬಂತು. ನಮ್ಮ ಹಳೆಯ ಪತ್ರಿಕೆಗಳು ವಿಕೆಟ್‌ಗೆ ‘ಹುದ್ದರಿ’ ಎಂದು ಬರೆಯುತ್ತಿದ್ದವು. ಬ್ಯಾಟ್ಸ್‌ಮನ್ ‘ದಾಂಡಿಗ’ ಆಗಿದ್ದ. ದಾಂಡಿಗ ಇನ್ನೂ ಅಲ್ಲಲ್ಲಿ ಸಿಗುತ್ತಾನೆ, ಹುದ್ದರಿ ಕಡಿಮೆಯಾಗಿದೆ. ನನಗೆ ಅದು ಬೇಸರದ ವಿಷಯ.

ಇರಲಿ. ನೆಲಕ್ಕೆ ಬರೋಣ.

ಕ್ರಿಕೆಟ್ ಪಿಚ್ ಅಂದರೆ ಸುಮ್ನೆ ಗಟ್ಟಿ ನೆಲ ಅಲ್ಲ. ಜೇಡಿ ಅಂಶ ಜಾಸ್ತಿ ಇರುವ ಮಣ್ಣು ತಂದು ಹಾಕುತ್ತಾರೆ. ನೀರು ಬಿಟ್ಟು, ಹುಲ್ಲು ಬೆಳೆಸಿ, ಕತ್ತರಿಸಿ, ರೋಲರ್ ಎಳೆದು ಎಳೆದು ಗಟ್ಟಿ ಮಾಡುತ್ತಾರೆ. ಜೇಡಿ ಇದ್ದರೇ ಮಣ್ಣು ಒಂದಕ್ಕೊಂದು ಕಚ್ಚಿಕೊಂಡು ಚೆಂಡು ಪುಟಿಯುವಷ್ಟು ಬಿಗಿ ಬರುವುದು. ಆದರೆ ಅದೇ ಜೇಡಿ ನೀರು ಕುಡಿದರೆ ಬೇರೆಯೇ ಆಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಊರು ಗದಗದ ಕಡೆ, ಎರೆ ಸೀಮೆ. ಎರೆ ಹೊಲದಲ್ಲಿ ಮಳೆಗಾಲಕ್ಕೆ ಕಾಲಿಟ್ಟವರಿಗೆ ಹೇಳುವುದೇ ಬೇಡ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡಿರುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು.

ನಾನು ಏಳನೆಯ ತರಗತಿಯಲ್ಲಿದ್ದೆ. ಎರಡು ದಿನ ಜಡಿಮಳೆ ಹಿಡಿದು, ಮೂರನೆಯ ದಿನ ಚುರುಕು ಬಿಸಿಲು ಬಿತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಹೊಲದ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿತ್ತು. ನನಗೆ ಖುಷಿ. ಬ್ಯಾಟು ತಗೊಂಡು ಹೊರಟೆ. ಅಪ್ಪ ಬದುವಿನ ಮೇಲೆ ಕೂತಿದ್ದರು. ‘ತಡಿಯೋ ತಮ್ಮಾ, ಮ್ಯಾಲ ಒಣಗೈತಿ, ಒಳಗ ಹಸಿ ಐತಿ’ ಅಂದರು. ನಾನು ಕೇಳಲಿಲ್ಲ. ಅವರು ಎದ್ದು ಬಂದು ಹಿಮ್ಮಡಿ ಊರಿ ಒಂದು ಸಲ ಒತ್ತಿದರು. ಮೇಲಿನ ಪದರ ಹಪ್ಪಳದ ಹಾಗೆ ಚಟ್ ಅಂತ ಒಡೆಯಿತು. ಅದರ ಅಡಿಯಿಂದ ಕಪ್ಪಗೆ, ಮೆತ್ತಗೆ, ಬೆಣ್ಣೆಯಂಥ ಮಣ್ಣು ಮೇಲೆ ಬಂತು. ಕಾಲು ಎತ್ತಿದರೆ ಪಚಕ್ ಎಂಬ ಸದ್ದು.

ಆ ಹಿಮ್ಮಡಿಯ ಗುರುತು ಇದೆಯಲ್ಲ, ಅದೇ ಸ್ಟಿಕಿ ವಿಕೆಟ್. ಇಡೀ ಮಾತಿನ ಅರ್ಥ ಅಲ್ಲಿದೆ. ಇದು ನನಗೆ ತಿಳಿದದ್ದು ಮಾತ್ರ ಮೂವತ್ತು ವರ್ಷ ಆದ ಮೇಲೆ.

ಈಗ ಕ್ರಿಕೆಟ್ ಪಿಚ್ ಮೇಲೆ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ. ಹಿಂದೆ ಪಂದ್ಯ ಶುರುವಾದ ಮೇಲೆ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ಬಂದರೆ ಬಂತು, ನೆನೆದರೆ ನೆನೆಯಿತು. ಆಟದ ಒಂದು ಭಾಗ ಅದು ಅಂತಲೇ ಜನ ತಿಳಿದಿದ್ದರು. ಜೋರು ಮಳೆ ನಿಂತ ಕೂಡಲೇ ಬ್ಯಾಟ್ಸ್‌ಮನ್‌ಗೆ ಅಷ್ಟೇನೂ ಕಷ್ಟ ಇರುವುದಿಲ್ಲ. ಪಿಚ್ ಪೂರ್ತಿ ಒದ್ದೆ, ಚೆಂಡು ಜಾರಿಕೊಂಡು ಬರುತ್ತದೆ, ತಿರುಗುವುದಿಲ್ಲ. ಬೌಲರ್‌ಗೇ ತೊಂದರೆ ಜಾಸ್ತಿ. ಚೆಂಡು ಸೋಪಿನ ಹಾಗೆ ಕೈಯಿಂದ ಜಾರುತ್ತದೆ, ಓಡಿ ಬಂದರೆ ಕಾಲು ನಿಲ್ಲುವುದಿಲ್ಲ.

ಆಮೇಲೆ ಬಿಸಿಲು ಬರುತ್ತದೆ. ಎಲ್ಲರೂ ‘ಸದ್ಯ, ಬಿಸಿಲು ಬಂತು’ ಅನ್ನುವ ಹೊತ್ತಿಗೇ ಅಪಾಯ ಶುರು. ಮೇಲಿನ ಪದರ ಒಣಗುತ್ತದೆ, ಅಡಿಯಲ್ಲಿ ಹಸಿ ಉಳಿಯುತ್ತದೆ. ಚೆಂಡು ಬಿದ್ದಾಗ ಆ ಪದರವನ್ನು ಕಚ್ಚುತ್ತದೆ. ಒಂದು ಕಡೆ ಪದರ ಗಟ್ಟಿ ಇದ್ದು ಚೆಂಡು ಗದ್ದಕ್ಕೆ ಬರುತ್ತದೆ. ಒಂದು ಗೇಣು ಆಚೆ ಪದರ ಒಡೆದು, ಅದೇ ಎಸೆತ ಮೊಣಕಾಲಿಗೂ ಏಳುವುದಿಲ್ಲ. ಸ್ಪಿನ್ನರ್ ಬೆರಳು ತಿರುಗಿಸಿದರೆ ಚೆಂಡು ನೆಲ ಹಿಡಿದು ಪಕ್ಕಕ್ಕೆ ಹಾರುತ್ತದೆ. ಬ್ಯಾಟ್ಸ್‌ಮನ್ ಎಷ್ಟೇ ದೊಡ್ಡವನಿರಲಿ, ಕಣ್ಣಿಗೆ ಕಂಡದ್ದನ್ನು ನಂಬುವ ಹಾಗಿಲ್ಲ.

ಮುಖ್ಯವಾದ ಇನ್ನೊಂದು ವಿಷಯ. ಇದು ಹಾಗೇ ಉಳಿಯುವುದಿಲ್ಲ. ಕೆಲವು ಗಂಟೆ, ಅಷ್ಟೇ. ಬಿಸಿಲು ಒಳಗಿನ ತನಕ ಇಳಿದರೆ ಪಿಚ್ ಮತ್ತೆ ಗಟ್ಟಿಯಾಗಿ ಒಳ್ಳೆಯದಾಗುತ್ತದೆ. ಹಾಗಾಗಿ ಸ್ಟಿಕಿ ವಿಕೆಟ್ ಅನ್ನುವುದು ಒಂದು ಜಾಗ ಅಲ್ಲ, ಒಂದು ಹೊತ್ತು. ನಾನು ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಇದನ್ನೇ. ‘ಇಕ್ಕಟ್ಟು’ ಎಂದು ಬರೆದಾಗ ನನ್ನ ಕೈತಪ್ಪಿ ಹೋದದ್ದೂ ಇದೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಆಟದ ವರದಿಗಳಲ್ಲಿ ಈ ಪದ ಬಳಕೆಗೆ ಬಂದಿತ್ತು. ಆಟಗಾರರು ಇದನ್ನು ‘ಸ್ಟಿಕಿ ಡಾಗ್’ ಅಂತಲೂ ಕರೆಯುತ್ತಿದ್ದರು. ಆಸ್ಟ್ರೇಲಿಯಾದವರು ‘ಗ್ಲೂ ಪಾಟ್’, ಅಂದರೆ ಗೋಂದಿನ ಡಬ್ಬಿ ಅಂದರು. ಅವರ ದೇಶದ ಬಿಸಿಲು ಇಂಗ್ಲೆಂಡಿನಂತಲ್ಲ, ಸುಡುಬಿಸಿಲು. ಮಳೆ ಬಿದ್ದ ಪಿಚ್ಚಿನ ಮೇಲೆ ಆ ಬಿಸಿಲು ಬಿದ್ದರೆ ಮುಗಿಯಿತು. ಅದರಲ್ಲೂ ಬ್ರಿಸ್ಬೇನ್.

ಬ್ರಿಸ್ಬೇನ್‌ನ ಹೆಸರು ಹೇಳಿದ ಮೇಲೆ ನಮ್ಮವರ ಕಥೆ ಹೇಳದೆ ಮುಂದೆ ಹೋಗಲಾಗದು. 1947ರ ನವೆಂಬರ್ ಕೊನೆ. ಸ್ವಾತಂತ್ರ್ಯ ಬಂದು ಮೂರು ತಿಂಗಳು ಕಳೆದಿದೆ. ಸ್ವತಂತ್ರ ಭಾರತದ ಮೊದಲ ಟೆಸ್ಟ್ ಪಂದ್ಯ ಅಲ್ಲಿ. ಲಾಲಾ ಅಮರನಾಥ್ ನಾಯಕ. ಎದುರಿಗೆ ಆಸ್ಟ್ರೇಲಿಯಾದ ನಾಯಕ ಬ್ರಾಡ್ಮನ್. ಆಸ್ಟ್ರೇಲಿಯಾ ಮೊದಲು ಆಡಿ 8 ವಿಕೆಟ್‌ಗೆ 382 ರನ್ ಮಾಡಿ ಡಿಕ್ಲೇರ್ ಮಾಡಿಕೊಂಡಿತು, ಅಂದರೆ ಇನ್ನೂ ವಿಕೆಟ್ ಉಳಿದಿದ್ದರೂ ತಾನಾಗಿ ಬ್ಯಾಟಿಂಗ್ ನಿಲ್ಲಿಸಿ ಎದುರಾಳಿಗೆ ಆಡಲು ಬಿಟ್ಟಿತು. ಬ್ರಾಡ್ಮನ್ 185. ನಮ್ಮವರ ಸರದಿ ಬರುವ ಹೊತ್ತಿಗೆ ಮಳೆ ತನ್ನ ಕೆಲಸ ಮಾಡಿತ್ತು. ಭಾರತ 58ಕ್ಕೆ ಆಲೌಟ್. ಎರ್ನಿ ಟೋಶಾಕ್ ಎಂಬ ಎಡಗೈ ಬೌಲರ್ 19 ಎಸೆತಗಳಲ್ಲಿ ಬರೀ 2 ರನ್ ಕೊಟ್ಟು 5 ವಿಕೆಟ್ ತೆಗೆದ. ಎರಡನೆಯ ಸಲ 98. ಇನ್ನಿಂಗ್ಸ್ ಮತ್ತು 226 ರನ್ನುಗಳ ಸೋಲು. ಅಂಕಿ ಮಾತ್ರ ನೋಡಿದವರು ‘ನಮ್ಮವರಿಗೆ ಆಡೋಕೆ ಬರ್ತಿರಲಿಲ್ಲ’ ಅಂದುಬಿಡಬಹುದು. ವಿಜಯ್ ಹಜಾರೆ ಅದೇ ಪ್ರವಾಸದಲ್ಲಿ ಅಡಿಲೇಡ್ ಟೆಸ್ಟಿನ ಎರಡೂ ಇನ್ನಿಂಗ್ಸ್‌ಗಳಲ್ಲಿ ಶತಕ ಹೊಡೆದರು. ಆಡುವವರು ಅವರೇ, ನೆಲ ಬೇರೆ.

ಮೂರು ವರ್ಷ ಬಿಟ್ಟು ಅದೇ ಬ್ರಿಸ್ಬೇನ್, 1950ರ ಡಿಸೆಂಬರ್. ಆಸ್ಟ್ರೇಲಿಯಾ, ಇಂಗ್ಲೆಂಡ್. ಈ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸ್ಟಿಕಿ ವಿಕೆಟ್ ಅಂದರೆ ಏನು ಅಂತ ಕೇಳಿದವರಿಗೆ ನಾನು ಈ ಒಂದು ಪಂದ್ಯವನ್ನೇ ತೋರಿಸುವುದು.

ಮೊದಲ ದಿನ ಆಸ್ಟ್ರೇಲಿಯಾ 228ಕ್ಕೆ ಆಲೌಟ್. ಒಳ್ಳೆಯ ಪಿಚ್. ಇಂಗ್ಲೆಂಡಿನವರು ನಗುನಗುತ್ತಾ ಹೋಟೆಲಿಗೆ ಹೋಗಿರಬೇಕು. ಆಮೇಲೆ ಮಳೆ ಹಿಡಿಯಿತು. ಶನಿವಾರ ಆಟವೇ ಇಲ್ಲ, ಭಾನುವಾರ ರಜೆ. ಸೋಮವಾರ ಬಿಸಿಲು. ಇಂಗ್ಲೆಂಡ್ ಆಡತೊಡಗಿತು. 7 ವಿಕೆಟ್‌ಗೆ 68 ಆದಾಗ ನಾಯಕ ಫ್ರೆಡ್ಡಿ ಬ್ರೌನ್ ಡಿಕ್ಲೇರ್ ಮಾಡಿದ. 160 ರನ್ ಹಿಂದಿದ್ದಾರೆ, ಆದರೂ ಡಿಕ್ಲೇರ್! ಯಾಕೆ? ಪಿಚ್ ಒಣಗುವುದರೊಳಗೆ ಎದುರಾಳಿಯನ್ನು ಅದರ ಮೇಲೆ ನಿಲ್ಲಿಸಬೇಕು. ಅವನ ಲೆಕ್ಕ ತಪ್ಪಾಗಲಿಲ್ಲ. ಆಸ್ಟ್ರೇಲಿಯಾದ ಮೊದಲ ಮೂರು ವಿಕೆಟ್ ಬಿದ್ದಾಗ ಬೋರ್ಡಿನ ಮೇಲೆ ಸೊನ್ನೆ. 7 ವಿಕೆಟ್‌ಗೆ 32 ಆಗುವ ಹೊತ್ತಿಗೆ ಆಸ್ಟ್ರೇಲಿಯಾದ ನಾಯಕ ಲಿಂಡ್ಸೆ ಹ್ಯಾಸೆಟ್ ಕೂಡ ಡಿಕ್ಲೇರ್ ಮಾಡಿದ. ‘ಈ ನೆಲ ನನಗೆ ಬೇಡ, ನೀನೇ ಇಟ್ಕೋ’ ಅಂದ ಹಾಗೆ. ಇಂಗ್ಲೆಂಡಿಗೆ ಗೆಲ್ಲಲು ಬೇಕಾದದ್ದು 193. ಸಂಜೆಯ ಹೊತ್ತಿಗೆ 30 ರನ್ನಿಗೆ 6 ವಿಕೆಟ್ ಹೋಗಿತ್ತು.

ಒಂದೇ ದಿನ 20 ವಿಕೆಟ್, ಬರೀ 130 ರನ್. ಎರಡು ತಂಡಗಳೂ ಬೆಂಕಿಯ ಕೆಂಡ ಕೈಯಿಂದ ಕೈಗೆ ದಾಟಿಸಿದಂತೆ ಆ ಪಿಚ್ಚನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದವು.

ಮರುದಿನ ಏನಾಯಿತು ಗೊತ್ತಾ? ಪಿಚ್ ಒಣಗುತ್ತಾ ಬಂತು. ಲೆನ್ ಹಟನ್ ಎಂಟನೆಯವನಾಗಿ ಬಂದು 62 ರನ್ ಹೊಡೆದು ಔಟಾಗದೆ ಉಳಿದ. ಅವನು ಲೋಕದ ದೊಡ್ಡ ಆರಂಭಿಕ ಆಟಗಾರ. ಅಂಥವನನ್ನು ಯಾಕೆ ಅಷ್ಟು ಕೆಳಗೆ ಇಟ್ಟರು? ಆ ಹೊತ್ತು ಕಳೆಯಲಿ ಎಂದೇ. ಕೊನೆಯ ವಿಕೆಟ್‌ಗೆ ಡಗ್ ರೈಟ್ ಜೊತೆ 45 ರನ್ ಸೇರಿಸಿದ. ಸಾಕಾಗಲಿಲ್ಲ. ಇಂಗ್ಲೆಂಡ್ 122ಕ್ಕೆ ಮುಗಿದು 70 ರನ್ನಿನಿಂದ ಸೋತಿತು. ಆಸ್ಟ್ರೇಲಿಯಾ ಒಣ ಪಿಚ್ ಮೇಲೆ ಮೊದಲ ದಿನವೇ ಮಾಡಿಟ್ಟಿದ್ದ 228 ಅವರನ್ನು ಕಾಪಾಡಿತು.

ಹೊತ್ತು ಕಳೆಯುವ ಈ ಉಪಾಯವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವನು ಬ್ರಾಡ್ಮನ್. 1937ರ ಹೊಸ ವರ್ಷದ ಹೊತ್ತು, ಮೆಲ್ಬರ್ನ್. ಇಂಗ್ಲೆಂಡ್ ಆಗಲೇ ಎರಡು ಟೆಸ್ಟ್ ಗೆದ್ದಿತ್ತು. ಮಳೆ ಬಿದ್ದ ಪಿಚ್ ಮೇಲೆ ಇಂಗ್ಲೆಂಡ್ 9 ವಿಕೆಟ್‌ಗೆ 76 ಮಾಡಿ ಡಿಕ್ಲೇರ್ ಮಾಡಿತು. ಬ್ರಾಡ್ಮನ್ ತನ್ನ ಬ್ಯಾಟಿಂಗ್ ಸಾಲನ್ನೇ ತಿರುವಿಹಾಕಿದ. ಬೌಲರ್‌ಗಳಾದ ಓರೈಲಿ ಮತ್ತು ಫ್ಲೀಟ್‌ವುಡ್ ಸ್ಮಿತ್ ಇಬ್ಬರನ್ನು ಮೊದಲು ಕಳಿಸಿದ. ನಡುವೆ ಭಾನುವಾರದ ರಜೆ. ನೆಲ ಒಣಗಲು ಒಂದು ದಿನ ಸಿಕ್ಕಿತು. 97 ರನ್ನಿಗೆ 5 ವಿಕೆಟ್ ಬಿದ್ದ ಮೇಲೆ ಏಳನೆಯವನಾಗಿ ತಾನು ಬಂದ. ಹೊಡೆದದ್ದು 270. ಫಿಂಗಲ್ಟನ್ 136. ಇಬ್ಬರೂ ಸೇರಿ 346 ರನ್ ಜೊತೆಯಾಟ. ಆಸ್ಟ್ರೇಲಿಯಾ 365 ರನ್ನಿನಿಂದ ಗೆದ್ದಿತು. ಮುಂದಿನ ಎರಡನ್ನೂ ಗೆದ್ದು ಸರಣಿಯನ್ನೇ 3–2ರಲ್ಲಿ ತಗೊಂಡಿತು. ಬ್ರಾಡ್ಮನ್ ಒದ್ದೆ ಪಿಚ್‌ಗಳ ಮೇಲೆ ಅಷ್ಟು ಚೆನ್ನಾಗಿ ಆಡುವುದಿಲ್ಲ ಅಂತ ಅವನ ಕಾಲದವರು ಹೇಳುತ್ತಿದ್ದರು. ಹಾಗಿದ್ದರೂ ಹಸಿ ನೆಲದ ಸ್ವಭಾವ ಅವನಿಗೆ ಪೂರ್ತಿ ತಿಳಿದಿತ್ತು. ಬದುವಿನ ಮೇಲೆ ಕೂತ ನನ್ನಪ್ಪನಿಗೂ ತಿಳಿದಿತ್ತು.

ಹಾಗಾದರೆ ಅದರ ಮೇಲೆ ಆಡಿ ತೋರಿಸಿದವರು ಯಾರೂ ಇಲ್ಲವಾ? ಇದ್ದಾರೆ. 1926ರ ಆಗಸ್ಟ್, ಲಂಡನ್ನಿನ ಓವಲ್. ರಾತ್ರಿ ಗುಡುಗುಮಳೆ, ಬೆಳಿಗ್ಗೆ ಬಿಸಿಲು. ಜ್ಯಾಕ್ ಹಾಬ್ಸ್, ಹರ್ಬರ್ಟ್ ಸಟ್‌ಕ್ಲಿಫ್ ಇಬ್ಬರೂ ಆ ಪಿಚ್ ಮೇಲೆ ನಿಂತು ಮೊದಲ ವಿಕೆಟ್‌ಗೆ 172 ರನ್ ಸೇರಿಸಿದರು. ಹಾಬ್ಸ್ ಸರಿಯಾಗಿ 100, ಸಟ್‌ಕ್ಲಿಫ್ 161. ಚೆಂಡು ಬಂದು ಬ್ಯಾಟಿಗೆ ತಾಕುವ ತನಕ ಕಾಯುವುದು, ಕೈ ಸಡಿಲ ಬಿಡುವುದು, ತಿರುಗಿ ಹೋದ ಚೆಂಡಿನ ಹಿಂದೆ ಬ್ಯಾಟ್ ಓಡಿಸದಿರುವುದು. ಹೀಗೆ ಆಡುವುದಕ್ಕೆ ಅಭ್ಯಾಸದ ಜೊತೆಗೆ ಒಂದು ಥರದ ತಾಳ್ಮೆಯೂ ಬೇಕು. ಇಂಗ್ಲೆಂಡ್ 1912ರ ನಂತರ ಮೊದಲ ಬಾರಿಗೆ ಆಸ್ಟ್ರೇಲಿಯಾ ಎದುರಿನ ಆ್ಯಶಸ್ ಸರಣಿಯನ್ನು ಗೆದ್ದದ್ದು ಆ ಪಂದ್ಯದಿಂದ.

ಬೌಲರ್‌ಗಳಲ್ಲಿ ಹೆಡ್ಲಿ ವೆರಿಟಿಯ ಹೆಸರು ಹೇಳಲೇಬೇಕು. 1934ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮಳೆಯಾದ ಮೇಲೆ ಒಂದೇ ದಿನದಲ್ಲಿ ಆಸ್ಟ್ರೇಲಿಯಾದ 14 ವಿಕೆಟ್ ತೆಗೆದ ಎಡಗೈ ಸ್ಪಿನ್ನರ್ ಅವನು. ಒಂಬತ್ತು ವರ್ಷದ ನಂತರ, ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಇಟಲಿಯಲ್ಲಿ ತೀರಿಕೊಂಡ. ಅವನ ಬೌಲಿಂಗ್ ಲೆಕ್ಕ ಓದುವಾಗಲೆಲ್ಲ ನನಗೆ ಅದೂ ನೆನಪಾಗುತ್ತದೆ.

ಇನ್ನು 1968, ಮತ್ತೆ ಓವಲ್. ಕೊನೆಯ ದಿನ ಇಂಗ್ಲೆಂಡ್ ಆಸ್ಟ್ರೇಲಿಯಾ ಎದುರು ಗೆಲುವಿನ ಹತ್ತಿರ ಇದ್ದಾಗ ಮಳೆ ಸುರಿದು ಮೈದಾನ ಕೆರೆಯಾಯಿತು. ಆಟ ಮುಗಿಯಿತು ಅಂತ ಎದ್ದುಹೋಗಬೇಕಾದ ಪ್ರೇಕ್ಷಕರು ಮೈದಾನಕ್ಕೆ ಇಳಿದರು. ಪೊರಕೆ, ಗೋಣಿ, ಕೈಗೆ ಸಿಕ್ಕಿದ್ದು ಹಿಡಿದು ಸಿಬ್ಬಂದಿಯ ಜೊತೆ ನೀರು ಬಳಿದುಹಾಕಿದರು. ಉಳಿದದ್ದು ಒಂದೂಕಾಲು ಗಂಟೆ. ಒಣಗುತ್ತಿದ್ದ ಪಿಚ್ ಮೇಲೆ ಡೆರೆಕ್ ಅಂಡರ್‌ವುಡ್ ಕೊನೆಯ ನಾಲ್ಕು ವಿಕೆಟ್‌ಗಳನ್ನು 27 ಎಸೆತಗಳಲ್ಲಿ ತೆಗೆದ. ಆಟ ಮುಗಿಯಲು ಆರು ನಿಮಿಷ ಬಾಕಿ. ಆ ಕೊನೆಯ ಕ್ಷಣದ ಫೋಟೋ ನೋಡಿ. ಬ್ಯಾಟ್ಸ್‌ಮನ್ ಸುತ್ತ ಇಡೀ ಇಂಗ್ಲೆಂಡ್ ತಂಡ ಮುತ್ತಿಕೊಂಡಿದೆ. ಮೊದಲಿನಿಂದ ನಿಂತು ಆಡುತ್ತಿದ್ದ ಇನ್ವೆರಾರಿಟಿ ಕೊನೆಯವನಾಗಿ ಔಟಾದದ್ದು ಅದು.

ಅದಾದ ಮೇಲೆ ಅಂಥ ದಿನಗಳು ವಿರಳವಾದವು. ಆಸ್ಟ್ರೇಲಿಯಾದಲ್ಲಿ 1950ರ ದಶಕದಲ್ಲೇ ಪಿಚ್‌ಗೆ ಹೊದಿಕೆ ಬಂತು. ಇಂಗ್ಲೆಂಡಿನಲ್ಲಿ 1980ರ ದಶಕದ ಆರಂಭದ ಹೊತ್ತಿಗೆ ಬಂತು. ಈಗ ನಾಲ್ಕು ಹನಿ ಬಿದ್ದರೆ ಸಾಕು, ಹುಡುಗರು ಓಡಿಬಂದು ಟಾರ್ಪಾಲು ಎಳೆಯುತ್ತಾರೆ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಂತೂ 2017ರಲ್ಲಿ ನೆಲದ ಅಡಿಯಿಂದಲೇ ನೀರು ಹೀರಿ ತೆಗೆಯುವ ಯಂತ್ರ ಕೂಡಿಸಿದರು. ನಿಜವಾದ ಸ್ಟಿಕಿ ವಿಕೆಟ್ ನೋಡಿದ ಆಟಗಾರರು ಈಗ ಮುದುಕರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಚೆಂಡು ತಿರುಗುವ ಪಿಚ್ಚನ್ನೆಲ್ಲ ಸ್ಟಿಕಿ ವಿಕೆಟ್ ಅನ್ನುವುದು ತಪ್ಪು. 1987ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ 96 ಹೊಡೆದರಲ್ಲ, ಭಾರತ 16 ರನ್ನಿನಿಂದ ಸೋತಿತಲ್ಲ, ಅದು ಒಣಗಿ ಪುಡಿಯಾದ ಪಿಚ್. ಹೊತ್ತು ಹೋದಷ್ಟೂ ಕೆಡುವಂಥದು. ಸ್ಟಿಕಿ ವಿಕೆಟ್ ಅದಕ್ಕೆ ಉಲ್ಟಾ, ಹೊತ್ತು ಹೋದಷ್ಟೂ ಸುಧಾರಿಸುವಂಥದು. 2024ರ ಅಕ್ಟೋಬರ್‌ನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಭಾರತ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್ ಆಯಿತು. ನಮ್ಮ ದೇಶದ ನೆಲದಲ್ಲಿ ಭಾರತದ ಅತಿ ಕಡಿಮೆ ಮೊತ್ತ. ಮೊದಲ ದಿನ ಮಳೆಯಿಂದ ಆಟವೇ ನಡೆದಿರಲಿಲ್ಲ. ಪಿಚ್ ಹೊದಿಕೆಯ ಅಡಿಯಲ್ಲಿತ್ತು, ಮೋಡ ಕವಿದಿತ್ತು. ಮಳೆ ನೇರ ಪಿಚ್ ಮೇಲೆ ಬಿದ್ದಿರಲಿಲ್ಲವಾದ್ದರಿಂದ ಹಳೆಯ ಅರ್ಥದಲ್ಲಿ ಅದೂ ಸ್ಟಿಕಿ ವಿಕೆಟ್ ಅಲ್ಲ. ಆದರೆ ಎರಡನೆಯ ಇನ್ನಿಂಗ್ಸ್‌ನಲ್ಲಿ ಅದೇ ಭಾರತ, ಅದೇ ಪಿಚ್ ಮೇಲೆ, ಸರ್ಫರಾಜ್ ಖಾನ್ 150, ರಿಷಭ್ ಪಂತ್ 99. ಪಂದ್ಯ ಉಳಿಯಲಿಲ್ಲ, ನ್ಯೂಜಿಲೆಂಡ್ 8 ವಿಕೆಟ್‌ನಿಂದ ಗೆದ್ದಿತು. ಮೊದಲ ಇನ್ನಿಂಗ್ಸ್ ಆಡಿದ ಹೊತ್ತೇ ಸರಿಯಿರಲಿಲ್ಲ.

ಈಗ ಮೈದಾನದ ಹೊರಗೆ ಬರೋಣ. ಬ್ರಿಟನ್ನಿನ ಜನ ಕ್ರಿಕೆಟ್ ಮಾತನ್ನು ಮನೆ, ಕಚೇರಿ, ಪಾರ್ಲಿಮೆಂಟ್ ಎಲ್ಲ ಕಡೆ ಒಯ್ದಿದ್ದಾರೆ. 1990ರ ನವೆಂಬರ್ 13ರಂದು, ಉಪಪ್ರಧಾನಿ ಸ್ಥಾನ ಬಿಟ್ಟಿದ್ದ ಜೆಫ್ರಿ ಹೌ ಪಾರ್ಲಿಮೆಂಟಿನಲ್ಲಿ ತಮ್ಮ ರಾಜೀನಾಮೆಯ ಭಾಷಣ ಮಾಡಿದರು. ಆರಂಭಿಕ ಆಟಗಾರರನ್ನು ಆಡಲು ಕಳಿಸಿ, ಅವರ ಬ್ಯಾಟುಗಳನ್ನು ಪಂದ್ಯಕ್ಕೆ ಮುಂಚೆಯೇ ನಾಯಕರು ಮುರಿದಿಟ್ಟ ಹಾಗಾಯಿತು ಎಂದರು. ನಾಯಕರು ಅಂದರೆ ಪ್ರಧಾನಿ ಥ್ಯಾಚರ್. ಒಂಬತ್ತು ದಿನದಲ್ಲಿ ಥ್ಯಾಚರ್ ಅಧಿಕಾರ ಬಿಡುವುದಾಗಿ ಹೇಳಿದರು. ಆಟದ ಮಾತಿಗೆ ಅಲ್ಲಿ ಅಷ್ಟು ತೂಕ.

‘ಸ್ಟಿಕಿ ವಿಕೆಟ್ ಮೇಲೆ ಬ್ಯಾಟ್ ಮಾಡುವುದು’ ಅಂದರೂ ಹೀಗೆಯೇ. ಕಷ್ಟದ, ನಾಜೂಕಿನ ಪರಿಸ್ಥಿತಿಯಲ್ಲಿ ಸಿಕ್ಕಿರುವುದು ಎಂದು ನಿಘಂಟು ಹೇಳುತ್ತದೆ. ಅದು ಸರಿ. ಆದರೆ ಪಿಚ್ ನೋಡಿಬಂದ ನಮಗೆ ಇನ್ನೂ ಹೆಚ್ಚಿನದು ಕಾಣಬೇಕು. ಆ ಕೆಸರು ಬ್ಯಾಟ್ಸ್‌ಮನ್ ಮಾಡಿದ್ದಲ್ಲ. ಆದರೂ ಬ್ಯಾಟ್ ಹಿಡಿದು ನಿಲ್ಲಬೇಕಾದವನು ಅವನೇ. ಮೇಲಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನಿಸುತ್ತದೆ. ದೊಡ್ಡ ಮಳೆ ಆಗಲೇ ನಿಂತಿದೆ. ಆ ಹೊತ್ತು ದಾಟಿದರೆ ಉಳಿದ. ಸಾಲ ಕೇಳಲು ಬಂದ ಬೀಗರ ಮುಂದೆ ಕೂತವನು, ಜಗಳ ಮುಗಿದ ಮರುದಿನ ಅಣ್ಣನ ಮನೆಗೆ ಹೋಗಬೇಕಾದ ತಮ್ಮ, ಇವರೆಲ್ಲ ಸ್ಟಿಕಿ ವಿಕೆಟ್ ಮೇಲಿದ್ದಾರೆ. ಜಗಳ ಆಡುವಾಗ ಅಷ್ಟು ಕಷ್ಟ ಇಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ನಗುತ್ತಾ ಕಾಫಿ ಕೊಡುವಾಗ ಯಾವ ಮಾತು ಎಲ್ಲಿ ಪುಟಿಯುತ್ತದೋ ಗೊತ್ತಾಗುವುದಿಲ್ಲ, ಅಲ್ವಾ?

ಅಮೆರಿಕದಲ್ಲಿ ಈ ಮಾತಿಗೆ ಬೇರೆ ಕಥೆ ಕಟ್ಟಿದ್ದಾರೆ. ಅಲ್ಲಿ ಕ್ರೋಕೆ ಅನ್ನುವ ಆಟ ಇದೆ. ನೆಲಕ್ಕೆ ನೆಟ್ಟ ಕಂಬಿ ಕಮಾನಿನೊಳಗೆ ಮರದ ಸುತ್ತಿಗೆಯಿಂದ ಚೆಂಡು ದಾಟಿಸುವ ಆಟ. ಆ ಕಮಾನನ್ನು ಅವರು ವಿಕೆಟ್ ಅನ್ನುತ್ತಾರೆ. ಹಾಗಾಗಿ ಈ ಮಾತು ಅಲ್ಲಿಂದಲೇ ಬಂತು ಅಂತ ಕೆಲವರು ನಂಬಿದ್ದಾರೆ. ಕ್ರಿಕೆಟ್ ಕಾಣದವರಿಗೆ ಹಾಗನಿಸುವುದು ಸಹಜ.

ಪಿಚ್ಚೇ ಇಲ್ಲವಾದ ಮೇಲೆ ಮಾತು ಯಾಕೆ ಉಳಿಯಿತು ಅಂತ ಕೇಳಬಹುದು. ನಾವು ಈಗ ಗುಲಗಂಜಿ ಇಟ್ಟು ಚಿನ್ನ ತೂಗುತ್ತೀವಾ? ಆದರೂ ‘ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ’ ಅನ್ನುತ್ತೇವೆ. ಅಡಕತ್ತರಿ ನೋಡದ ಮಕ್ಕಳೂ ‘ಅಡಕತ್ತರಿಯಲ್ಲಿ ಸಿಕ್ಕಿದೆ’ ಅನ್ನುತ್ತಾರೆ. ಆದರೆ ವಸ್ತು ಮರೆತುಹೋದಂತೆ ಅರ್ಥವೂ ಸವೆಯುತ್ತದೆ. ಈಗ ಇಂಗ್ಲಿಷಿನವರಲ್ಲೂ ಬಹಳ ಜನ ಸ್ಟಿಕಿ ವಿಕೆಟ್ ಅಂದರೆ ಬರೀ ‘ತೊಂದರೆ’ ಅಂದುಕೊಂಡಿದ್ದಾರೆ. ಅದಕ್ಕೇ ನಾನು ಇಷ್ಟೆಲ್ಲ ಕೆಸರು ತುಳಿದದ್ದು.

ಮಾತು ಮುಗಿಸಿ ಕೂತೆ. ಬಿ.ಎ. ಓದುವ ಒಬ್ಬಳು ಹುಡುಗಿ ಎದ್ದು, ‘ಸರ್, ಹಾಗಾದ್ರೆ ಕನ್ನಡದಲ್ಲಿ ಏನಂತ ಬರೀಬೇಕು?’ ಎಂದು ಕೇಳಿದಳು. ಇಕ್ಕಟ್ಟು ಸಾಲದು, ಅಡಕತ್ತರಿ ಎರಡು ಕಡೆಯಿಂದ ಒತ್ತುವುದು, ಬಿಸಿತುಪ್ಪ ಉಗುಳಲೂ ಆಗದ್ದು ನುಂಗಲೂ ಆಗದ್ದು, ಕೆಸರಲ್ಲಿ ನೆಟ್ಟ ಕಂಬ ಅಂದರೆ ನಂಬಲಾಗದ ಮನುಷ್ಯ. ಯಾವುದೂ ಪೂರ್ತಿ ಕೂರುವುದಿಲ್ಲ ಎಂದೆ.

ಹಿಂದಿನ ಸಾಲಿನಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡ ಹಿರಿಯರೊಬ್ಬರು ಕೂತಿದ್ದರು. ಅವರು ಕೂತಲ್ಲಿಂದಲೇ, ‘ಅದಕ್ಕ ನಾವು ಹದ ಬಂದಿಲ್ಲ ಅಂತೀವ್ರಿ’ ಅಂದರು. ‘ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಅಂತಾರಲ್ರೀ. ಹದ ಬರೋದರಾಗ ಕಾಲಿಟ್ರ ಎತ್ತೂ ಸಿಗಬೀಳ್ತಾವ, ಕುಂಟಿನೂ ಸಿಗಬೀಳ್ತೈತಿ.’

ಅದನ್ನು ನಾನು ಅಲ್ಲೇ ಕೈಲಿದ್ದ ಕಾಗದದ ಹಿಂದೆ ಬರೆದುಕೊಂಡೆ. ಹದ ಬರದ ನೆಲ. ‘ಸರ್ಕಾರ ಹದ ಬರದ ನೆಲದ ಮೇಲೆ ನಿಂತಿದೆ.’ ಆ ರಾತ್ರಿ ಆ ಹುಡುಗನ ಸಾಲನ್ನು ಹೀಗೆ ತಿದ್ದಬೇಕಿತ್ತು.